ಮೂರನೆಯ ನುಡಿ

"ನಂಬರ್ ಮೂವತ್ತೊಂದು" ಎಂದು ಒಳಗಿನಿಂದ ಕೂಗಿದಾಗ ಎದ್ದವಳು ಶೇವಂತಾಬಾಯಿ. ಬಾಗಿಲಲ್ಲಿ ನಿಂತಿದ್ದ ಗುಮಾಸ್ತ ಕೈ ಅಡ್ಡ ಹಿಡಿದು, ಮಕ್ಕಳ ಜೊತೆ ಬಂದ ಹಿರಿಯರು ಹೊರಗೇ ಕೂತಿರಬೇಕು ಎಂದ. ಆಕೆ ಚೀಲದಿಂದ ಹಾಲ್ ಟಿಕೆಟ್ ತೆಗೆದು ಅವನ ಕೈಗಿಟ್ಟಳು. ಅವನು ಫೋಟೊ ನೋಡಿದ, ಆಕೆಯ ಬೆಳ್ಳಗಾದ ತಲೆ ನೋಡಿದ, ಮತ್ತೆ ಫೋಟೊ ನೋಡಿದ. ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕರು. ನಗಲಿ. ಹತ್ತೊಂಬತ್ತು ವರ್ಷ ನಾಟಕ ಕಂಪನಿಯಲ್ಲಿ ರಾಣಿಯಾಗಿ, ದಾಸಿಯಾಗಿ, ಒಮ್ಮೊಮ್ಮೆ ಒಂದೇ ನಾಟಕದಲ್ಲಿ ಎರಡೂ ಆಗಿ ಹಾಡಿದವಳಿಗೆ ನಾಲ್ಕು ಹುಡುಗಿಯರ ನಗೆ ಯಾವ ಲೆಕ್ಕ? ಆದರೂ ಹೊಸ್ತಿಲು ದಾಟುವಾಗ ಅರವತ್ನಾಲ್ಕು ವರ್ಷದ ಆಕೆ ಸೆರಗನ್ನು ಎರಡು ಸಲ ಸರಿಮಾಡಿಕೊಂಡದ್ದು ಸುಳ್ಳಲ್ಲ.

ಇದೆಲ್ಲ ಆ ಶನಿವಾರಗಳಿಗಾಗಿ. ಕಮಲಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಆಕೆ ಆರು ವರ್ಷದಿಂದ ಪ್ರತಿ ಶನಿವಾರ ರಂಗಗೀತೆ ಕಲಿಸುತ್ತಿದ್ದಳು. ಮಕ್ಕಳು 'ಹಾಡಿನ ಆಯಿ' ಎಂದು ಕರೆಯುತ್ತಿದ್ದವು. ಈ ವರ್ಷ ಶಾಲೆಯ ಕಮಿಟಿಯವರು, ರಂಗಸಂಗೀತದ ಸೀನಿಯರ್ ಗ್ರೇಡ್ ಪಾಸಾದ ಸರ್ಟಿಫಿಕೇಟ್ ಇಲ್ಲದವರು ಜೂನ್‌ನಿಂದ ತರಗತಿಗೆ ಬರುವಂತಿಲ್ಲ ಎಂದು ಬರೆದು ಕಳಿಸಿದರು. ಹೆಡ್‌ಮೇಡಂ ತಾವೇ ಫಾರ್ಮು ತುಂಬಿದರು. ಅನುಭವ ಇದ್ದವರಿಗೆ ಜೂನಿಯರ್ ಬೇಕಿಲ್ಲ, ನೇರ ಸೀನಿಯರ್‌ಗೆ ಕೂಡಬಹುದು ಎಂದು ಸಮಾಧಾನ ಹೇಳಿದರು. ಶನಿವಾರವೊಂದು ಹೋದರೆ ಉಳಿದ ಆರು ದಿನಗಳನ್ನು ಹೇಗೆ ದೂಡಬೇಕು ಎಂದು ಶೇವಂತಾಬಾಯಿಗೆ ನಿಜವಾಗಿಯೂ ತಿಳಿಯದು. ಗಂಡ ಮಕ್ಕಳಿಲ್ಲದ ಹೆಂಗಸು. ವಾರವೆಂದರೆ ಆಕೆಗೆ ಶನಿವಾರದಿಂದ ಶನಿವಾರ.

ಪರೀಕ್ಷೆಯ ಪುಸ್ತಕದಲ್ಲಿ ಹನ್ನೆರಡು ಹಾಡುಗಳಿದ್ದವು. ಪೌರಾಣಿಕ ನಾಟಕದವು ಐದು, ಐತಿಹಾಸಿಕ ನಾಲ್ಕು, ಸಾಮಾಜಿಕ ಮೂರು. ಎರಡನ್ನು ಪರೀಕ್ಷಕರು ಆರಿಸುತ್ತಾರೆ, ಏಳನೆಯದು ಮಾತ್ರ ಎಲ್ಲರಿಗೂ ಕಡ್ಡಾಯ. ಆ ಏಳನೆಯ ಹಾಡನ್ನು ನೋಡಿ ಆಕೆಗೆ ನಗು ಬಂದಿತ್ತು. ಯುದ್ಧಕ್ಕೆ ಹೊರಟ ಗಂಡನನ್ನು ರಾಣಿ ಬೀಳ್ಕೊಡುವ ಹಾಡು. ಕಂಪನಿಯ ಕವಿಗಳು ಅದನ್ನು ಆಕೆಗೆಂದೇ ಬರೆದಿದ್ದರು. ಬೀದರಿನಿಂದ ಬಾಗಲಕೋಟೆಯವರೆಗೆ ಅದನ್ನು ಆಕೆ ಎಷ್ಟು ಸಲ ಹಾಡಿದ್ದಳೋ ಲೆಕ್ಕವಿಲ್ಲ. ಉಳಿದ ಹನ್ನೊಂದನ್ನು ಅರೆದು ಕುಡಿದಳು. ಏಳನೆಯದನ್ನು ಎರಡು ನುಡಿ ಗುನುಗಿ ಬಿಟ್ಟಳು. ಅದೇನು ಮರೆಯುವಂಥದೇ ಎಂದುಕೊಂಡಳು.

ಒಳಗೆ ಮೇಜಿನ ಹಿಂದೆ ಪರೀಕ್ಷಕರು ಕೂತಿದ್ದರು. ಕನ್ನಡಕ ಹಾಕಿದ, ಇನ್ನೂ ನಲವತ್ತು ದಾಟದ ಸಭ್ಯ ಮನುಷ್ಯ. ಅವರಿಗೆ ಕೈಮುಗಿದು ಶೇವಂತಾಬಾಯಿ ಜಮಖಾನದ ಕಡೆ ತಿರುಗಿದಳು. ಹಾರ್ಮೋನಿಯಂ ಪೇಟಿಯ ಮುಂದೆ ಕೂತವನು ತಲೆ ಎತ್ತಿದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಬೆರಳು ಮಾತ್ರ ಅವೇ, ಉದ್ದಕ್ಕೆ, ಕಿರುಬೆರಳು ಸ್ವಲ್ಪ ಸೊಟ್ಟ. ನಬಿಸಾಬ್, ಕಂಪನಿಯ ಪೇಟಿ ಮಾಸ್ತರ.

ಅವನು ಆಕೆಯನ್ನು ಕೇಳದೆಯೇ ಶ್ರುತಿ ಹಿಡಿದ. ಕಪ್ಪು ನಾಲ್ಕು, ಇಪ್ಪತ್ತೇಳು ವರ್ಷದ ಹಿಂದೆ ಆಕೆ ಹಾಡುತ್ತಿದ್ದ ಪೇಟಿಯ ಎತ್ತರದ ಮನೆ.

"ಕಪ್ಪು ಎರಡು ಕೊಡ್ರಿ, ಮಾಸ್ತರ" ಎಂದಳು ಶೇವಂತಾಬಾಯಿ, ಗೋಡೆ ನೋಡುತ್ತ.

ಅವನು ಬೆರಳು ಇಳಿಸಿದ. ಅಷ್ಟು ವರ್ಷದ ಮೇಲೆ ಇಬ್ಬರ ನಡುವೆ ಆದ ಮೊದಲ ಮಾತು ಅದು.

ಕಂಪನಿಯವರಿಗೆಲ್ಲ ಗೊತ್ತಿದ್ದ ಒಂದು ಪದ್ಧತಿ ಇತ್ತು. ಆ ಬೀಳ್ಕೊಡುಗೆಯ ಹಾಡಿಗೆ ಮೂರು ನುಡಿ. ಎರಡು ನುಡಿ ಹಾಡಿ ರಾಣಿ ತಿರುಗಿ ಪರದೆಯ ಕಡೆ ನಾಲ್ಕು ಹೆಜ್ಜೆ ಹೋಗಬೇಕು. ಜನ 'ವನ್ಸ್ ಮೋರ್' ಎಂದರೆ ಮರಳಿ ಬಂದು ಮೂರನೆಯದನ್ನು ಹಾಡಬೇಕು. ಅನ್ನದಿದ್ದರೆ ಹಾಗೇ ಒಳಗೆ ಹೋಗಬೇಕು. ಕೇಳದವರಿಗೆ ಮೂರನೆಯ ನುಡಿ ಇಲ್ಲ. ಬೇರೆ ನಟಿಯರು ತಮ್ಮವರನ್ನೇ ಹಿಂದಿನ ಬೆಂಚಿಗೆ ಕೂಡಿಸಿ ಕೂಗಿಸುತ್ತಿದ್ದರು, ಅದನ್ನು ಯಾರೂ ದೊಡ್ಡ ತಪ್ಪೆಂದು ತಿಳಿಯುತ್ತಿರಲಿಲ್ಲ. ಶೇವಂತಾ ಮಾತ್ರ ತನಗೆ ಅಂಥ ಎಂಜಲು ಬೇಡ ಎಂದು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದಳು. ಜಂಬ ಎಂದರೆ ಜಂಬ.

ಕಮಲಾಪುರದ ಕ್ಯಾಂಪಿನ ಹೊತ್ತಿಗೆ ಟೆಂಟು ಅರ್ಧವೂ ತುಂಬುತ್ತಿರಲಿಲ್ಲ. ಹದಿನೈದು ಆಟ ಸತತವಾಗಿ ಆಕೆ ನಾಲ್ಕು ಹೆಜ್ಜೆ ಹೋಗಿ, ಯಾರೂ ಕರೆಯದೆ, ಹಾಗೇ ಒಳಗೆ ನಡೆದಿದ್ದಳು. ಹದಿನಾರನೆಯ ಆಟದಲ್ಲಿ ಕೂಗು ಬಂತು. ನಾಲ್ಕು ದನಿ. ಒಂದು ಗೊಗ್ಗರು, ಒಂದು 'ಮೋ' ಎಂಬುದನ್ನು ಉದ್ದಕ್ಕೆ ಎಳೆದದ್ದು, ಒಂದು ಹೆಂಗಸರ ಕಡೆಯಿಂದ ಬಂದ ಸಣ್ಣ ದನಿ, ಇನ್ನೊಂದು ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡದ್ದು. ಆಕೆ ಮರಳಿ ಬಂದು ಹಾಡಿದಳು. ಹಾಡುತ್ತ ಅತ್ತಳು, ಜನ ಅದನ್ನು ಅಭಿನಯ ಎಂದುಕೊಂಡರು. ಆಟ ಮುಗಿದ ಮೇಲೆ ಮಾಲಕ ಯಾವುದೋ ಸಿಟ್ಟಿನಲ್ಲಿ, ನಿನ್ನ ವನ್ಸ್ ಮೋರ್ ಪೇಟಿ ಮಾಸ್ತರ ಹೇಳಿ ಕೂಗಿಸಿದ್ದು ಎಂದುಬಿಟ್ಟ. ಆಕೆ ಬಣ್ಣ ತೊಳೆಯದೆಯೇ ನಬಿಸಾಬನ ಬಳಿ ಹೋಗಿ ಖರೆಯೇ ಎಂದು ಕೇಳಿದಳು. ಅವನು ತಲೆ ತಗ್ಗಿಸಿ, ಹೇಳಿದ್ದು ಖರೆ ಎಂದ. ಆಕೆ ಮುಂದೇನೂ ಕೇಳಲಿಲ್ಲ. ಮರುದಿನ ಲಾರಿ ಹುಮನಾಬಾದಿಗೆ ಹೊರಟಾಗ ಶೇವಂತಾ ಬಾಡಿಗೆ ಕೋಣೆಯ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದಳು. ಹಾಗೆ ಆಕೆ ಕಮಲಾಪುರದವಳಾದದ್ದು.

ಮೊದಲ ಎರಡು ಹಾಡು ಚೆನ್ನಾಗಿಯೇ ಆದವು. ಪರೀಕ್ಷಕರು ನಡುವೆ ರಾಗ ಕೇಳಿದರು, ಭೀಮಪಲಾಸ ಎಂದಳು. ರಂಗಗೀತೆಗೂ ಕಛೇರಿಯಲ್ಲಿ ಕೂತು ಹಾಡುವ ಬೈಠಕ್ಕಿನ ಹಾಡಿಗೂ ಏನು ವ್ಯತ್ಯಾಸ ಎಂದು ಕೇಳಿದರು. ಬೈಠಕ್ಕಿನಲ್ಲಿ ಹಾಡುವವರಿಗೆ ದಣಿವಾದರೆ ನಿಲ್ಲಿಸಬಹುದು, ನಾಟಕದಲ್ಲಿ ಎದುರು ನಿಂತ ರಾಜ ಕಾಯುತ್ತಿರುತ್ತಾನೆ ಎಂದಳು. ಅವರು ನಕ್ಕು ಏನೋ ಬರೆದುಕೊಂಡರು. ಏಳನೆಯದಕ್ಕೆ ಆಕೆ ಎದ್ದು ನಿಂತು ಹಾಡಬಹುದೇ ಎಂದು ಕೇಳಿದಳು. ಹಾಡಿ ಎಂದರು.

ಅಲ್ಲೇ ತಪ್ಪಿತು. ಎದ್ದು ನಿಂತದ್ದೇ ಆ ಕೋಣೆ ಕೋಣೆಯಾಗಿ ಉಳಿಯಲಿಲ್ಲ. ಪೇಟಿ ಬಲಗಡೆ ಇತ್ತು, ಮೊದಲಿನ ಹಾಗೆ. 'ಹೋಗಿ ಬಾ ದೊರೆಯೆ, ಹೋಗಿ ಬಾ' ಎಂದು ಎತ್ತಿಕೊಂಡವಳು ಎರಡು ನುಡಿಯನ್ನು ಮೈಮರೆತು ಹಾಡಿದಳು. ಹಾಡಿ, ಸೆರಗು ಹಿಡಿದು, ತಿರುಗಿ ನಾಲ್ಕು ಹೆಜ್ಜೆ ನಡೆದಳು. ನಾಲ್ಕನೆಯ ಹೆಜ್ಜೆಗೆ ಮುಂದೆ ಪರದೆಯ ಬದಲು ಪರೀಕ್ಷೆಯ ಕೋಣೆಯ ಕಬ್ಬಿಣದ ಕಪಾಟು ಇತ್ತು.

ಆಕೆ ಅಲ್ಲೇ ನಿಂತು ಕೂಗಿಗಾಗಿ ಕಾದಳು. ಹೊರಗೆ ಆಟೋ ಒಂದು ಹಾರ್ನ್ ಹೊಡೆಯಿತು.

"ಮುಗೀತೇನ್ರಿ, ಅಮ್ಮಾ?" ಎಂದರು ಪರೀಕ್ಷಕರು. "ಇನ್ನೊಂದು ನುಡಿ ಬಾಕಿ ಅದಲ್ಲಾ."

ಹಾಡುತ್ತೇನೆ ಎಂದು ಆಕೆ ಮರಳಿ ಬಂದಳು. ನಬಿಸಾಬ್ ಎತ್ತುಗಡೆಯ ಸ್ವರ ನುಡಿಸಿದ. ಆಕೆ ಬಾಯಿ ತೆರೆದಳು. ಏನೂ ಬರಲಿಲ್ಲ. ಅವನು ಮತ್ತೆ ನುಡಿಸಿದ. ಧಾಟಿ ಇತ್ತು, ತಾಳ ಇತ್ತು, ಮಾತಿನ ಜಾಗದಲ್ಲಿ ಮಾತ್ರ ಬಟಾಬಯಲು. ಆಗ ಆಕೆಗೆ ತಿಳಿಯಿತು. ಆ ನುಡಿಯನ್ನು ತಾನು ಬದುಕಿನಲ್ಲಿ ಒಮ್ಮೆಯೂ, ತಾಲೀಮಿನಲ್ಲಿ ಕೂಡ, ಯಾರಾದರೂ ಕೂಗದೆ ಹಾಡಿಲ್ಲ. ತಾಲೀಮಿನಲ್ಲಿ ಅಡುಗೆಯವನಾದರೂ ಕೂಗುತ್ತಿದ್ದ. ಕಮಲಾಪುರದ ಆ ರಾತ್ರಿಯಿಂದ ಈಚೆಗೆ ಬಚ್ಚಲಲ್ಲೂ ಅದನ್ನು ತುಟಿಗೆ ತಂದಿಲ್ಲ. ಶಾಲೆಯ ಹುಡುಗಿಯರು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು.

ಪರೀಕ್ಷಕರು ಗಡಿಯಾರ ನೋಡಿದರು. ಪುಸ್ತಕ ನೋಡಲು ಅನುಮತಿ ಇಲ್ಲ, ಕಡ್ಡಾಯದ ಹಾಡು ಪೂರ್ತಿಯಾಗದಿದ್ದರೆ ಪಾಸು ಮಾಡಲು ಬರುವುದಿಲ್ಲ ಎಂದು ಬೇಸರದಿಂದಲೇ ಹೇಳಿದರು. ಇನ್ನೊಂದು ನಿಮಿಷ ಕಾಯುತ್ತೇನೆ ಎಂದು ಪೆನ್ನು ಕೆಳಗಿಟ್ಟರು.

ಪಕ್ಕವಾದ್ಯದ ಸಾಥಿ ಕೊಡುವವರು ಪರೀಕ್ಷೆಯಲ್ಲಿ ಮಾತಾಡಬಾರದು ಎಂದು ಗೋಡೆಯ ಮೇಲಿನ ನಿಯಮಗಳಲ್ಲಿ ಬರೆದಿತ್ತು. ನಬಿಸಾಬ್ ತಿದಿಯ ಮೇಲಿನ ಕೈ ತೆಗೆದ. ಆಕೆಯ ಮುಖ ನೋಡಿದ. ಆಮೇಲೆ, ಹಿಂದಿನ ಬೆಂಚಿನಲ್ಲಿ ಕೂತವನ ಹಾಗೆ ಕುತ್ತಿಗೆ ಎತ್ತಿ, ಒಡೆದ ದನಿಯಲ್ಲಿ ಅಂದ:

"ವನ್ಸ್ ಮೋರ್."

ಶೇವಂತಾಬಾಯಿಗೆ ಮೊದಲು ಬಂದದ್ದು ಸಿಟ್ಟು. ಇಪ್ಪತ್ತೇಳು ವರ್ಷ ಕಾಪಾಡಿಕೊಂಡು ಬಂದ ಸಿಟ್ಟು. ಆದರೆ ಅವನು ಈ ಸಲ ಯಾರ ಹಿಂದೆಯೂ ಅಡಗಿರಲಿಲ್ಲ. ಮುಖಕ್ಕೆ ಮುಖ ಕೊಟ್ಟು, ತನ್ನ ಬಾಯಿಂದಲೇ ಕೇಳಿದ್ದ. ಆಕೆಗೆ ಗೊತ್ತಾಗುವ ಮೊದಲೇ ಗಂಟಲು ತೆರೆಯಿತು.

'ಬಾಗಿಲ ತೆರೆದೇ ಇಡುವೆನು ನಾ, ನೀ ಬರುವ ಹಾದಿಯ ಕಾಯುತಲಿ...'

ದನಿ ಮೊದಲಿನಂತೆ ಏರಲಿಲ್ಲ. ಏರಬೇಕಾದಲ್ಲಿ ನಬಿಸಾಬ್ ಪೇಟಿಯ ದನಿ ಸ್ವಲ್ಪ ಇಳಿಸಿ ಆಕೆಗೆ ಜಾಗ ಬಿಟ್ಟ. ನುಡಿ ಮುಗಿದಾಗ ಪರೀಕ್ಷಕರ ಪೆನ್ನು ಇನ್ನೂ ಮೇಜಿನ ಮೇಲೆಯೇ ಇತ್ತು. ಅವರು ಕನ್ನಡಕ ತೆಗೆದು ಒರೆಸಿ, ಮಾಸ್ತರರು ಮಾತಾಡಿದ್ದನ್ನು ವರದಿಯಲ್ಲಿ ಬರೆಯಬೇಕಾಗುತ್ತದೆ ಎಂದರು. ಬರೆಯಿರಿ ಎಂದ ನಬಿಸಾಬ್, ಪೇಟಿಯ ಧೂಳು ಒರೆಸುತ್ತ. ಅವರು ಶೇವಂತಾಬಾಯಿಯ ಕಡೆ ತಿರುಗಿದರು.

"ನುಡಿ ಯಾರೂ ಹೇಳಿಕೊಡಲಿಲ್ಲ. ಪೂರ್ತಿ ನೀವೇ ಹಾಡೀರಿ. ಹಂಗೇ ಬರಿತೇನಿ" ಎಂದು ಏಳನೆಯ ಅಂಕಣದಲ್ಲಿ ಅಂಕ ಹಾಕಿದರು.

ಊಟದ ಬಿಡುವಿನಲ್ಲಿ ನಬಿಸಾಬ್ ಡಬ್ಬಿ ಹಿಡಿದು ಹೊರಗೆ ಬಂದಾಗ ಆಕೆ ನಳದ ಹತ್ತಿರ ಬೇವಿನ ನೆರಳಲ್ಲಿ ನಿಂತಿದ್ದಳು. ಹೊರಟುಹೋಗಬಹುದಿತ್ತು, ಹೋಗಿರಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ನಡುವೆ ಡಬ್ಬಿ ಇಟ್ಟುಕೊಂಡು ಕೂತರು. ಅವನು ಹೆಂಡತಿ ತೀರಿಕೊಂಡದ್ದು, ಮಗಳ ಮನೆಯಲ್ಲಿ ಇರುವುದು ಹೇಳಿದ. ಆಕೆ ಶಾಲೆಯ ಮಕ್ಕಳ ಸುದ್ದಿ ಹೇಳಿದಳು. ರೊಟ್ಟಿ ಮುರಿದು ಕೊಟ್ಟ, ತಿಂದಳು. ಆಮೇಲೆ ಅವನೇ ಆ ರಾತ್ರಿಯ ಮಾತು ತೆಗೆದ.

"ಆವತ್ತ ನಾ ಹೇಳಿದ್ದು ಒಬ್ಬಾಂವಗ, ಬಾಯಿ. ಚಹಾದಂಗಡಿ ದೌಲಪ್ಪಗ. ಹದಿನೈದು ಆಟ ನೀವು ಹಂಗೇ ಒಳಗ ಹೋಗೋದು ನೋಡಲಿಕ್ಕಾಗಲಿಲ್ಲ ನನಗ."

"ಒಬ್ಬಾಂವಗ?" ಎಂದಳು ಆಕೆ. "ನಾಕು ದನಿ ಇದ್ದವು."

"ಮರುದಿನ ಮುಂಜಾನೆ ಅವನ ಅಂಗಡಿಗಿ ಹೋದೆ. ಮಾಫ್ ಮಾಡ್ರಿ ಮಾಸ್ತರ, ಜ್ವರ ಬಂದು ಮಲಗಿದ್ದೆ, ನಾಟಕಕ್ಕ ಬರಲಿಕ್ಕೇ ಆಗಲಿಲ್ಲ ಅಂದ."

ಬೇವಿನ ಎಲೆಯೊಂದು ಡಬ್ಬಿಯ ಮುಚ್ಚಳದ ಮೇಲೆ ಬಿತ್ತು. ಶೇವಂತಾಬಾಯಿ ಅದನ್ನು ತೆಗೆಯಲೂ ಇಲ್ಲ. ಆ ದೌಲಪ್ಪನ ಚಹಾ ಆಕೆ ಹತ್ತು ವರ್ಷ ಕುಡಿದಿದ್ದಳು. ಅವನು ಸತ್ತಾಗ ಮಣ್ಣಿಗೂ ಹೋಗಿದ್ದಳು.

"ಹೇಳಬೇಕಿತ್ತಲ್ಲ, ಮಾಸ್ತರ."

ಎರಡು ಸಲ ಬಾಗಿಲು ಬಡಿದೆ ಎಂದ ನಬಿಸಾಬ್. ಅಷ್ಟರಲ್ಲಿ ಲಾರಿ ಹೊರಟಿತ್ತು. ಆಮೇಲೆ ಪತ್ರ ಬರೆಯಲು ಕೂತು ಹರಿದು ಹಾಕಿದನಂತೆ. ದೌಲಪ್ಪ ಬರದಿದ್ದ ಮಾತ್ರಕ್ಕೆ, ಕೂಗಲು ತಾನು ಹೇಳಿದ ತಪ್ಪು ಕಡಿಮೆಯಾಗುತ್ತದೆಯೇ ಎಂದು ಅವನಿಗೆ ಅನಿಸಿತಂತೆ. ಒಳಗೆ ಗಂಟೆ ಬಾರಿಸಿದರು. ಅವನು ಡಬ್ಬಿ ಮುಚ್ಚಿ, ಮೊಣಕಾಲು ಹಿಡಿದು ಎದ್ದು, ಮುಂದಿನ ನಂಬರಿನ ಹುಡುಗಿಗೆ ಶ್ರುತಿ ಹಿಡಿಯಲು ಹೋದ.

ಕಮಲಾಪುರಕ್ಕೆ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಗರಿ ಕೊಯ್ದ ಹೊಲಗಳು ಬಿಸಿಲಲ್ಲಿ ಖಾಲಿ ಬಿದ್ದಿದ್ದವು. ಶೇವಂತಾಬಾಯಿ ಆ ನಾಲ್ಕು ದನಿಗಳನ್ನು ಒಂದೊಂದಾಗಿ ನೆನೆಸಿಕೊಂಡಳು. ಇಪ್ಪತ್ತೇಳು ವರ್ಷ ಅವನ್ನು ಬೈದುಕೊಂಡೇ ನೆನಪಿಟ್ಟಿದ್ದಳು, ಅದಕ್ಕೇ ಒಂದೂ ಮಾಸಿರಲಿಲ್ಲ. ಗೊಗ್ಗರು ದನಿ, ಎಳೆದ ದನಿ, ಹೆಂಗಸಿನ ಸಣ್ಣ ದನಿ, ಎಲೆಅಡಿಕೆಯ ದನಿ. ಯಾರೂ ಹೇಳಿಕೊಡದೆ ಕೇಳಿದವರು. ಮಹಾಗಾಂವದಲ್ಲಿ ಹತ್ತಿದ ಮುದುಕನೊಬ್ಬ ಕಂಡಕ್ಟರನ ಜೊತೆ ಗೊಗ್ಗರು ದನಿಯಲ್ಲಿ ಜಗಳಾಡಿದಾಗ ಆಕೆ ಸರಕ್ಕನೆ ತಿರುಗಿ ನೋಡಿದಳು. ಪಕ್ಕದ ಹೆಂಗಸು ಸಣ್ಣ ದನಿಯಲ್ಲಿ ಸರಿದು ಕೂಡಲು ಹೇಳಿದಾಗ ಸರಿಯುವುದನ್ನು ಮರೆತು ಅವಳ ಬಾಯನ್ನೇ ನೋಡಿದಳು.

ಕಮಲಾಪುರದಲ್ಲಿ ಇಳಿದಾಗ ಬಿಸಿಲು ತಗ್ಗಿತ್ತು. ಬಸ್‌ಸ್ಟ್ಯಾಂಡಿನ ಬಾಯಲ್ಲಿ ಎಂದಿನಂತೆ ಹಣ್ಣಿನ ಮುದುಕ ಕೆಂಪು ಬಾಳೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದ. ಎಷ್ಟೋ ವರ್ಷದಿಂದ ಆಕೆ ಹಣ್ಣು ತೆಗೆದುಕೊಳ್ಳುತ್ತಿದ್ದುದು ಅವನ ಹತ್ತಿರವೇ. ಒಂದು ದವಡೆಯಲ್ಲಿ ಎಲೆಅಡಿಕೆ ಉಬ್ಬಿತ್ತು.

"ಬಾಳಿಹಣ್ಣ ಒಯ್ಯಿರಿ, ಆಯಿ. ಚಲೋ ಹಣ್ಣಾಗ್ಯಾವ" ಎಂದ.

ಶೇವಂತಾಬಾಯಿ ನಿಂತಳು. ಚೀಲವನ್ನು ನೆಲಕ್ಕಿಟ್ಟಳು.

"ಇನ್ನೊಮ್ಮೆ ಅನ್ರಿ" ಎಂದಳು.

ಮುದುಕನಿಗೆ ಅರ್ಥವಾಗಲಿಲ್ಲ. ಆಯಿಯ ಕಿವಿ ಮಂದವಾಗಿರಬೇಕು ಎಂದುಕೊಂಡು, ಎಲೆಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದ. ಆಕೆ ಕಣ್ಣು ಮುಚ್ಚಿ ಕೇಳಿದಳು.