ಅಪ್ಪ ಕೇಳಿದ ಕುದುರೆ

ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪನ ಬಾಯಲ್ಲಿ ಉಳಿದದ್ದು ಒಂದೇ ಮಾತು: "ಕುದುರೆ."

ಮೂವತ್ತು ವರ್ಷ ದೊಡ್ಡ ದೊಡ್ಡ ಹೋಟೆಲುಗಳಿಗೆ ನಲ್ಲಿ, ಕಮೋಡು ಕೂರಿಸಿದ ಪ್ಲಂಬರ್ ಅವನು. ಕುದುರೆ ಹತ್ತಿದವನಲ್ಲ, ಅದರ ಬಾಲಕ್ಕೆ ಜೂಜು ಕಟ್ಟಿದವನೂ ಅಲ್ಲ. ಮಗಳಿಗೆ ತಲೆಬುಡ ತಿಳಿಯಲಿಲ್ಲ. ಹೊಲಿಗೆ ಮಿಷನ್ ಬಿಟ್ಟು ಎದ್ದು ಬಂದು, "ಯಾವ ಕುದುರೆನಪ್ಪಾ?" ಎಂದು ಕೇಳುವಳು. ಅವನು ಮಂಚದ ಪಟ್ಟಿ ಬಡಿಯುವನು. ಹಳೆಯ ಕ್ಯಾಲೆಂಡರಿನಿಂದ ಕುದುರೆಯ ಚಿತ್ರ ಕತ್ತರಿಸಿ ಕೈಗಿತ್ತಳು. ಹರಿದೆಸೆದ. ಹಿಡಿತ ತಪ್ಪಿದೆ ಎಂದು ಡಾಕ್ಟರು ಹೇಳಿದ್ದರಿಂದ ಡೈಪರ್ ಕಟ್ಟತೊಡಗಿದಳು. ಕಟ್ಟುವಾಗಲೆಲ್ಲ ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದ.

ಮೂರನೆಯ ವಾರ ಅಪ್ಪನ ಜೊತೆ ಹೋಟೆಲುಗಳಲ್ಲಿ ನೆಲಕ್ಕೆ ಬಿಲ್ಲೆ ಕೂರಿಸುತ್ತಿದ್ದ ಟೈಲ್ಸ್ ಮಾವ ನೋಡಲು ಬಂದ. ಅಪ್ಪ "ಕುದುರೆ" ಎಂದದ್ದೇ ತಡ, ಮಾವ ದಡಬಡಿಸಿ ಎದ್ದ.

"ಅವನಿಗೆ ಬಚ್ಚಲಿಗೆ ಹೋಗ್ಬೇಕಮ್ಮ! ಹಿಡ್ಕೋ ಆ ಕಡೆ!"

ಇಬ್ಬರೂ ಹೆಗಲು ಕೊಟ್ಟು ಕರೆದೊಯ್ದರು. ಒಳಗೆ ಕೂರಿಸಿ, ಬಾಗಿಲ ಹೊರಗೆ ನಿಂತು ಮಾವ ಹೇಳಿದ:

"ಹೋಟೆಲಲ್ಲಿ ಕಮೋಡಿನ ಪಕ್ಕ ತೊಳ್ಕೊಳ್ಳೋಕೆ ಇನ್ನೊಂದು ತಗ್ಗು ಬೋಗುಣಿ ಇರುತ್ತೆ. ಅದಕ್ಕೆ ಬಿಡೆ ಅಂತಾರೆ. ಬಿಡೆ ಬಿಟ್ಟು ಕೂರೋದಕ್ಕೇ ಆ ಹೆಸರು ಅಂತ ನಾವೆಲ್ಲ ನಗ್ತಿದ್ವಿ. ನಿಮ್ಮಪ್ಪ ಸುಮ್ನಿರ್ಲಿಲ್ಲ, ಇಂಜಿನಿಯರನ್ನ ಕೇಳ್ಕೊಂಡು ಬಂದ. ಅದು ಫ್ರೆಂಚ್ ಮಾತಂತೆ, ಪುಟ್ಟ ಕುದುರೆ ಅಂತ ಅರ್ಥವಂತೆ. ಸವಾರನ ಹಾಗೆ ಆಚೆ ಈಚೆ ಕಾಲು ಹಾಕಿ ಕೂರ್ತಾರಲ್ಲ, ಅದಕ್ಕೆ. ಅವತ್ತಿಂದ ಯಾರಿಗೆ ಅವಸರವಾದ್ರೂ 'ಕುದುರೆ ಹತ್ತಿ ಬರ್ತೀನಿ' ಅನ್ನೋದೇ ನಮ್ಮ ಮಾತು."

"ಅಂದ್ರೆ ಇಷ್ಟು ದಿನ ಅಪ್ಪ ಕರೀತಾನೇ ಇದ್ರಾ ಮಾವ?"

ಕಟ್ಟಿದ ಒಂದೊಂದು ಡೈಪರೂ ಅವಳ ಕಣ್ಣ ಮುಂದೆ ಬಂತು.

ಆಮೇಲೆ ಐದು ದಿನ ಡೈಪರಿಲ್ಲದೆಯೂ ಹಾಸಿಗೆ ಒಣಗಿಯೇ ಇತ್ತು. ಅಪ್ಪ ಒಮ್ಮೆ ನಕ್ಕಿದ್ದೂ ಉಂಟು. ಆರನೆಯ ದಿನ ಬೆಳಿಗ್ಗೆ ಹೊಸ ಮಾತು ಹೊರಟಿತು.

"ಹಡಗು."

ನೀರು ಕೊಟ್ಟಳು, ಬೇಡ. ಬಚ್ಚಲಿಗೆ ಕರೆದೊಯ್ದಳು, ಅಲ್ಲ. ಕಿಟಕಿ ತೆರೆದಳು, ಹೊದಿಕೆ ಎಳೆದಳು. ಕೊನೆಗೆ ಮಾವನಿಗೆ ಫೋನ್ ಮಾಡಿದಳು.

"ಇಲ್ಲಮ್ಮ, ಹಡಗು ಅಂತ ನಾವು ಯಾವುದಕ್ಕೂ ಅಂತಿರ್ಲಿಲ್ಲ."

ಅಪ್ಪ ಅವಳ ಕೈ ಹಿಡಿದು, ಇಷ್ಟೂ ಅರ್ಥವಾಗದೇ ಎಂಬಂತೆ ಮುಖವನ್ನೇ ನೋಡುತ್ತ, ಬಿಡಿಸಿ ಬಿಡಿಸಿ ಹೇಳಿದ: "ಹ-ಡ-ಗು."

"ಹೂಂ ಅಪ್ಪಾ," ಎಂದಳು ಅವಳು. ಕೈ ಬಿಡಿಸಿಕೊಳ್ಳದೆ ಮಂಚದ ಅಂಚಿಗೆ ಕೂತಳು.