ತಿಳಿಸಲಾಗಿದೆ

"ಕಾಲಿನ ಕಡೆ ಸ್ವಲ್ಪ ಎತ್ತಿ ಸಾರ್, ಗೋಡೆಗೆ ತಾಗುತ್ತೆ!"

ಪೆರೋಲ್ ಅಧಿಕಾರಿ ಎತ್ತಿದ. ಮೂರನೇ ಮಹಡಿಯಿಂದ ಇಳಿಯುವ ಮೆಟ್ಟಿಲು ಅಷ್ಟು ಇಕ್ಕಟ್ಟು. ಸ್ಟ್ರೆಚರಿನ ಮೇಲೆ ಟೈಲರಮ್ಮನ ಶವ ಹಗುರವಾಗೇ ಇತ್ತು.

ಕೆಳಗೆ ಗಾಡಿಯೊಳಗೆ ಮಲಗಿಸಿದ್ದಾಯಿತು. ಮರಣಪತ್ರಕ್ಕೆ ಡಾಕ್ಟರ ರುಜು ಹಾಕಿಸಿಕೊಂಡು ಅಳಿಯ ಬರಬೇಕಿತ್ತು, ಅದಕ್ಕೇ ಕಾಯುತ್ತಿದ್ದರು. ನೆರೆದವರಲ್ಲಿ ಅರ್ಧ ಪೆರೋಲ್ ಇಲಾಖೆಯವರು, ಇನ್ನರ್ಧ ಅಪರಾಧದಿಂದ ನೊಂದವರ ನೆರವು ಕೇಂದ್ರದವರು. ಎರಡೂ ಕಡೆಯವರು ಒಟ್ಟಿಗೆ ಕೂತು ತರಬೇತಿ ಪಡೆಯುವುದು ಶುರುವಾಗಿ ಒಂಬತ್ತು ವರ್ಷ. ಒಂಬತ್ತು ವರ್ಷವೂ ಮೊದಲ ಪಾಠ ಟೈಲರಮ್ಮನದೇ.

"ಅವರ ಪಾಠ ಕೇಳಿದ ಮೇಲೆ ಕೈದಿ ಹೊರಬರ್ತಾನೆ ಅಂತ ನಾನು ಬರೀ ಫೋನ್ ಮಾಡಿ ಸುಮ್ಮನಾಗಿದ್ದೇ ಇಲ್ಲ," ಎಂದಳು ಹೊಸದಾಗಿ ಕೆಲಸಕ್ಕೆ ಸೇರಿದ್ದ ಅಧಿಕಾರಿಣಿ. "'ಫೋನಲ್ಲಿ ಹೇಳಿದ್ದು ನನ್ನ ತಲೆಯಲ್ಲಿ ನಿಲ್ಲಲಿಲ್ಲ ಕಣ್ರಪ್ಪಾ, ಮನೆಗೇ ಹೋಗಿ ಹೇಳಿ' ಅಂತಿದ್ರು. ತಪ್ಪು ನಂದೇ ಅಂತ ಒಪ್ಪಿಕೊಳ್ಳೋರು ಯಾರಿದ್ದಾರೆ ಈ ಕಾಲದಲ್ಲಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲು ಮುಟ್ಟಿಕೊಳ್ಳಲಿಲ್ಲ ಅಷ್ಟೇ, ಗುಂಪಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

*

ಹತ್ತು ವರ್ಷದ ಹಿಂದೆ ಟೈಲರಮ್ಮ ಅವನ ಮೇಜಿನೆದುರು ಕೂತಿದ್ದರು. ಅವರ ಗಂಡನನ್ನು ಹೊಲಿಗೆ ಅಂಗಡಿಯಲ್ಲೇ ಇರಿದು ಕೊಂದವನು ಪೆರೋಲ್ ಮೇಲೆ ಹೊರಬಂದಿದ್ದ. ಬಿಡುವ ಮುಂಚೆ ಆಕೆಗೆ ತಿಳಿಸಬೇಕು, ಅದು ನಿಯಮ. ತಿಳಿಸಬೇಕಾದವನು ಇವನೇ. ಶನಿವಾರ ಎರಡು ಸಲ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಸೋಮವಾರ ಮಾಡಿದರಾಯಿತು ಎಂದುಕೊಂಡು, ಫೈಲು ಬಾಕಿ ಕಾಣಬಾರದೆಂದು 'ತಿಳಿಸಲಾಗಿದೆ' ಎಂಬ ಸೀಲು ಒತ್ತಿ ಮನೆಗೆ ಹೋದ. ಸೀಲು ಬಿದ್ದ ಫೈಲನ್ನು ಸೋಮವಾರ ಯಾರು ತೆಗೆಯುತ್ತಾರೆ? ಗುರುವಾರ ಔಷಧಿ ಅಂಗಡಿಯ ಸಾಲಿನಲ್ಲಿ ಟೈಲರಮ್ಮನ ಮುಂದೆ ನಿಂತಿದ್ದವನು ಹಿಂತಿರುಗಿ ನೋಡಿದ. ಅದೇ ಮುಖ. ಆಕೆ ನಿಂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡರು.

"ನನಗೊಂದು ಮಾತು ಹೇಳಬಾರದಿತ್ತಾ ಸಾರ್?" ಎಂದರು. ಕೂಗಾಡಲಿಲ್ಲ.

ಪಕ್ಕದ ಮೇಜಿನಲ್ಲಿ ಮೇಲಧಿಕಾರಿ ಕಿವಿ ನಿಮಿರಿಸಿಕೊಂಡು ಕೂತಿದ್ದರು. ಆಗಲೇ ಇವನ ನಾಲಿಗೆ ಬಿದ್ದುಹೋಗಬಾರದಿತ್ತೇ! "ಹೇಳಿದ್ನಲ್ಲಮ್ಮ, ಶನಿವಾರ ಫೋನ್ ಮಾಡಿ. ನೀವೇ 'ಆಯ್ತು ಸಾರ್' ಅಂದ್ರಿ. ಮರೆತಿದ್ದೀರಿ," ಎಂದ. ಸೀಲನ್ನೂ ತೋರಿಸಿದ.

ಆಕೆ ಸೀಲನ್ನೇ ಬಹಳ ಹೊತ್ತು ನೋಡಿದರು. "ಹೌದಾ? ಹಾಗಾದ್ರೆ ನಂದೇ ಮರೆವು. ತಪ್ಪು ತಿಳ್ಕೋಬೇಡಿ ಸಾರ್," ಎಂದು ಎದ್ದು ಹೋದರು.

ಮರುವರ್ಷ ನೆರವು ಕೇಂದ್ರದವರು ಅವರನ್ನು ತರಬೇತಿಗೆ ಕರೆತಂದರು. ಇವನು ಹಿಂದಿನ ಸಾಲಲ್ಲಿ ಕೂತು ಕೇಳಿದ. ಈ ಸಲ ಬೇಡ, ಮುಂದಿನ ಸಲ ಹೇಳಿಬಿಡೋಣ ಎನ್ನುತ್ತಾ ಒಂಬತ್ತು ವರ್ಷ ತಳ್ಳಿದ.

*

"ನೀವಂದ್ರೆ ಅಮ್ಮನಿಗೆ ತುಂಬಾ ಗೌರವ ಸಾರ್." ಟೈಲರಮ್ಮನ ಮಗಳು ಹತ್ತಿರ ಬಂದು ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. "ಅಲ್ಲಿ ಮಣ್ಣು ಮಾಡೋ ಮುಂಚೆ ನೀವೇ ನಾಲ್ಕು ಮಾತಾಡಬೇಕು."

"ಬೇಡಮ್ಮ. ಬೇರೆ ಯಾರಾದ್ರೂ..."

"ನೀವೇ ಆಗಬೇಕು. ಆ ಹಾಳು ಮರೆವೊಂದು ಶುರುವಾಗದಿದ್ದಿದ್ರೆ ಅಮ್ಮ ಹೇಗಿರ್ತಿದ್ಲೋ! ನೀವು ಫೋನಲ್ಲಿ ಹೇಳಿದ್ದನ್ನ ಮರೆತಳಲ್ಲ, ಆವತ್ತಿನಿಂದ ತನ್ನ ಮೇಲೆ ತನಗೇ ನಂಬಿಕೆ ಹೋಯ್ತು. ಗ್ಯಾಸ್ ಆರಿಸಿದ್ನಾ ಅಂತ ಹತ್ತು ಸಲ ಎದ್ದು ನೋಡೋಳು. ನನ್ನ ಮಗೂನ ಎರಡು ಗಂಟೆ ನೋಡ್ಕೋ ಅಂದ್ರೆ ಒಲ್ಲೆ ಅಂತಿದ್ಲು. 'ಎಲ್ಲಾದ್ರೂ ಮರೆತು ಬಿಟ್ಟುಬಂದ್ರೆ ಏನೇ ಗತಿ?' ಅಂತ. ಒಂದಿನ ಒಬ್ಬಳೇ ಮೊಮ್ಮಗೂನ ಎತ್ಕೊಂಡು ಬೀದಿಗೆ ಹೋಗಲಿಲ್ಲ ಸಾರ್. ನಾನೋ ಬಾಯಿಗೆ ಬಂದ ಹಾಗೆ ಬೈದೆ. ಮೊಮ್ಮಗು ಬೇಡವಾಗಿದೆ ನಿಂಗೆ ಅಂದೆ."

ಅವನ ಕಿವಿ ಸುಟ್ಟಂತಾಯಿತು. ತನ್ನ ಸುಳ್ಳು ಆಫೀಸಿನ ನಾಲ್ಕು ಗೋಡೆಯೊಳಗೇ ಉಳಿದಿದೆ ಎಂದುಕೊಂಡಿದ್ದ, ಪುಣ್ಯಾತ್ಮ. ಅದು ಮೂರು ಮಹಡಿ ಹತ್ತಿ ಈ ಮನೆಯಲ್ಲಿ ಸಂಸಾರ ಹೂಡಿತ್ತು. ಈಗಲೂ ಬಾಯಿ ಮುಚ್ಚಿಕೊಂಡರೆ ನಾಲ್ಕು ಒಳ್ಳೆಯ ಮಾತಾಡಿ ದೊಡ್ಡ ಮನುಷ್ಯನಾಗಿ ಮನೆಗೆ ಹೋಗಬಹುದು. ಇವಳು ಮಾತ್ರ ತಾಯಿಗೆ ಮರೆವಿತ್ತು ಎಂದುಕೊಂಡೇ ಬದುಕುತ್ತಾಳೆ. ನಾಚಿಕೆಗೆ ಅವನಿಗೆ ತಲೆ ಎತ್ತಲಾಗಲಿಲ್ಲ.

"ನಾನು ಹೇಳಿರಲಿಲ್ಲಮ್ಮ," ಎಂದ ಅವಳ ಚಪ್ಪಲಿ ನೋಡುತ್ತ.

"ಏನು?"

"ಆವತ್ತು ಫೋನ್ ಯಾರೂ ಎತ್ತಲಿಲ್ಲ. ಸುಮ್ಮನೆ ಸೀಲು ಒತ್ತಿದೆ. ಅವರು ಬಂದು ಕೇಳಿದಾಗ, ಕೆಲಸ ಹೋಗುತ್ತೆ ಅಂತ ಸುಳ್ಳು ಹೇಳಿದೆ. ನಿಮ್ಮಮ್ಮ ಏನೂ ಮರೆತಿರಲಿಲ್ಲ."

ಹೊಸ ಅಧಿಕಾರಿಣಿ ಅವನನ್ನು ಗುರುತೇ ಇಲ್ಲದವನನ್ನು ನೋಡುವಂತೆ ನೋಡಿದಳು. ಮಗಳು ಕೆನ್ನೆಗೆ ಬಾರಿಸುತ್ತಾಳೆ ಎಂದು ಅವನು ಕಾದ, ಬಾರಿಸಿದರೆ ಸಾಕಪ್ಪಾ ಎನ್ನಿಸುತ್ತಿತ್ತು. ಅವಳು ಅವನ ಕಡೆ ತಿರುಗಲೂ ಇಲ್ಲ. ಗಾಡಿಯೊಳಗೆ ಹತ್ತಿ, ಬಟ್ಟೆ ಸರಿಸಿ, ತಾಯಿಯ ಕಿವಿಗೆ ಬಾಯಿಟ್ಟಳು.

"ಅಮ್ಮಾ, ನೀನು ಮರೆತಿರಲಿಲ್ಲ ಕಣೇ. ಕೇಳಿಸ್ತಾ? ನೀನು ಮರೆತಿರಲಿಲ್ಲ."

ಅಷ್ಟರಲ್ಲಿ ಅಳಿಯ ಕಾಗದ ಹಿಡಿದು ಬಂದ. ಡ್ರೈವರ್ ಗಾಡಿಯ ಹಿಂದಿನ ಬಾಗಿಲಿಗೆ ಕೈಹಾಕಿ, ಹತ್ತಿರವಿದ್ದ ಅಧಿಕಾರಿಯನ್ನೇ ಕೇಳಿದ: "ಮುಚ್ಚಲಾ ಸಾರ್?"

ಅವನು ಬಾಗಿಲನ್ನು ಹಿಡಿದುಕೊಂಡು ಬೇಡವೆಂದು ತಲೆಯಾಡಿಸಿದ. ಒಳಗೆ ಮಗಳು ಮತ್ತೆ ಮೊದಲಿಂದ ಹೇಳುತ್ತಿದ್ದಳು.