ಇಲ್ಲಿ ಅಗೆಯಬೇಡಿ

ಮಧ್ಯಾಹ್ನವಾದರೆ ಔರಾದಿನ ಇಂಟರ್ನೆಟ್ ಲೈನು ಸೊರಗುತ್ತಿತ್ತು. ಕಡಿದು ಹೋಗಿದ್ದರೆ ಹುಡುಕುವುದು ಸುಲಭ. ಇದು ಕಡಿಯುತ್ತಿರಲಿಲ್ಲ. ಬೆಳಿಗ್ಗೆ ಕುಂಟುತ್ತ ನಡೆದು, ಊಟದ ಹೊತ್ತಿಗೆ ಕೂತುಬಿಟ್ಟು, ಬಿಸಿಲು ಇಳಿಯುವಾಗ ಮತ್ತೆ ಏಳುತ್ತಿತ್ತು. ಅಷ್ಟರಲ್ಲಿ ಔರಾದಿನಲ್ಲಿ ರೇಷನ್ನಿಗೆ ಹೆಬ್ಬೆಟ್ಟು ಒತ್ತಲು ನಿಂತವರು ಬೈದುಕೊಂಡು ಮನೆಗೆ ಹೋಗಿರುತ್ತಿದ್ದರು.

ಮಕ್ಸೂದ ಕೇಬಲ್ ಜೋಡಿಸುವವನು. ಬೀದರದ ಗುತ್ತಿಗೆದಾರನೊಬ್ಬನ ಕೈಕೆಳಗೆ ಕೆಲಸ. ಭಾಲ್ಕಿಯಿಂದ ಔರಾದಿನವರೆಗಿನ ಲೈನಿಗೆ ಅವನೇ ಜವಾಬ್ದಾರ. ಭಾಲ್ಕಿಯ ಎಕ್ಸ್‌ಚೇಂಜ್ ಕೋಣೆಯಲ್ಲಿ ಕೂತು, ಕೇಬಲ್ಲಿನೊಳಗಿನ ಒಂದು ಖಾಲಿ ಎಳೆಗೆ ಒಟಿಡಿಆರ್ ಮಷಿನು ಹಚ್ಚಿದ. ಕೂದಲಿನಷ್ಟು ತೆಳ್ಳನೆಯ ಗಾಜಿನ ಎಳೆಯೊಳಗೆ ಆ ಮಷಿನು ಬೆಳಕು ಬಿಡುತ್ತದೆ. ದಾರಿಯುದ್ದಕ್ಕೂ ಅಷ್ಟಿಷ್ಟು ಬೆಳಕು ಹಿಂದೆ ಬರುತ್ತದೆ. ಅದನ್ನು ಪರದೆಯ ಮೇಲೆ ಒಂದು ಗೆರೆಯಾಗಿ ತೋರಿಸುತ್ತದೆ. ಎಳೆಗೆ ಎಲ್ಲಿ ಪೆಟ್ಟಾಗಿದೆಯೋ ಅಲ್ಲಿ ಗೆರೆ ಕುಸಿಯುತ್ತದೆ.

1310 ನ್ಯಾನೋಮೀಟರಿನ ಬೆಳಕಿಗೆ ಗೆರೆ ನೆಟ್ಟಗಿತ್ತು. 1550ರ ಬೆಳಕಿಗೆ ಮಾಂಜ್ರಾ ಹೊಳೆಯ ಆಚೆ ಒಂದು ಕಡೆ ಗೆರೆ ಹಳ್ಳಕ್ಕೆ ಬಿದ್ದಿತ್ತು. ಇದರ ಅರ್ಥ ಒಂದೇ: ಎಳೆ ತುಂಡಾಗಿಲ್ಲ, ಬಾಗಿದೆ. ಬಾಗಿದ ಕಡೆ ಉದ್ದ ಅಲೆಯ ಬೆಳಕು ಹೊರಗೆ ಸೋರುತ್ತದೆ, ಗಿಡ್ಡ ಅಲೆಯದು ಒಳಗೇ ಉಳಿಯುತ್ತದೆ. ಔರಾದ್ ಲೈನು ನಡೆಯುವುದು 1550ರ ಮೇಲೆ.

ಅಷ್ಟೇ ಆಗಿದ್ದರೆ ಅವನಿಗೆ ತಲೆಬಿಸಿ ಇರಲಿಲ್ಲ. ಆದರೆ ಮಧ್ಯಾಹ್ನ ಅವನು ನೋಡುತ್ತಿದ್ದ ಹಾಗೆಯೇ ಹಳ್ಳ ಇನ್ನಷ್ಟು ಆಳವಾಯಿತು. ಸಂಜೆ ಅರ್ಧ ತುಂಬಿಕೊಂಡಿತು. ಮರುದಿನವೂ ಅದೇ ಹೊತ್ತಿಗೆ ಅದೇ. ಮಣ್ಣಿನಡಿಯ ಕೇಬಲ್ಲಿಗೆ ಹೊತ್ತುಗೊತ್ತು ಇರುವುದಿಲ್ಲ. ಯಾರೋ ಬಂದು ಅದರ ಮೇಲೆ ಒರಗಿ, ಆಮೇಲೆ ಎದ್ದು ಹೋಗುತ್ತಿದ್ದಾರೆ ಅನ್ನಿಸಿತು.

ಜೀಪು ನಡೆಸುವ ಗೋರಖನಾಥನಿಗೆ ಹೇಳಿದರೆ ಅವನು ನಕ್ಕ. "ಮಂದಿ ಎಲ್ಲ ಊರು ಬಿಟ್ಟು ಹೋಗ್ಯಾರ, ಮಕ್ಸೂದಭಾಯಿ. ದೆವ್ವಗಳಿಗಿ ಹಿಡೀಲಕ ಯಾರೂ ಸಿಗವಲ್ರು. ಪಾಪ, ನಿಮ್ಮ ಕೇಬಲ್ ಹಿಡಕೊಂಡು ಕುಂತಾವ."

ಅದು ಎರಡು ಸಾವಿರದ ಹದಿನಾರರ ಬೇಸಿಗೆ. ಮಾಂಜ್ರಾದಲ್ಲಿ ನೀರಿರಲಿಲ್ಲ, ಹೊಳೆಯ ತಳ ಬಿರಿದು ಬಿಸಿಲಿಗೆ ಬಾಯಿ ತೆರೆದಿತ್ತು. ದಾರಿಯ ಊರುಗಳಲ್ಲಿ ಬಾಗಿಲಿಗೆ ಜಾಲಿ ಮುಳ್ಳು ಒಡ್ಡಿ ಜನ ಹೈದರಾಬಾದಿಗೆ, ಪುಣೆಗೆ ಹೋಗಿದ್ದರು. ಓಡಾಡುತ್ತಿದ್ದದ್ದು ನೀರಿನ ಟ್ಯಾಂಕರು ಮತ್ತು ಜೆಸಿಬಿ. ಕೆರೆ ಹೂಳು ತೆಗೆಯುವುದು, ನಾಲೆ ಅಗಲ ಮಾಡುವುದು, ಹೊಲದಲ್ಲಿ ಹೊಂಡ ತೋಡುವುದು. ಒಂದು ಹನಿ ನೀರು ನಿಲ್ಲಿಸಲು ತಾಲ್ಲೂಕನ್ನೇ ಅಗೆಯುತ್ತಿದ್ದರು.

ಮಷಿನು ತೋರಿಸಿದ ದೂರಕ್ಕೆ ಜೀಪು ನಿಂತಿತು. ರಸ್ತೆ ಬದಿಯಲ್ಲಿ ಹಳದಿ ಬಣ್ಣದ ಗುರುತುಕಲ್ಲು. ಅದರ ಮೇಲೆ ಕಪ್ಪು ಅಕ್ಷರ: ಎಚ್ಚರಿಕೆ, ಕೆಳಗೆ ಕೇಬಲ್ ಇದೆ, ಇಲ್ಲಿ ಅಗೆಯಬೇಡಿ. ಕಲ್ಲಿನ ಬುಡದಲ್ಲಿ ದಿಂಬಿನಷ್ಟು ಉದ್ದದ ಮಣ್ಣಿನ ದಿಬ್ಬ. ಮೇಲೆ ಕಲ್ಲು ಹೇರಿ, ಸುತ್ತ ಜಾಲಿ ಮುಳ್ಳು ಹರಡಿದ್ದರು. ಒಂದು ಮಗ್ಗುಲಿಗೆ ಮುಳ್ಳಿರಲಿಲ್ಲ. ಅಲ್ಲಿ ಧೂಳು ಒತ್ತಿ ನುಣ್ಣಗಾಗಿತ್ತು, ದಿನಾ ಒಬ್ಬರು ಮಲಗಿ ಎದ್ದ ಹಾಗೆ.

ಗೋರಖನಾಥ ನಗು ನಿಲ್ಲಿಸಿದ. ಎಳೆಯ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ಮುಳ್ಳು ನಾಯಿಗಳಿಗಾಗಿ. ಇದನ್ನು ಅವನು ಹೇಳಬೇಕಾಗಿರಲಿಲ್ಲ. ಮಕ್ಸೂದ ಆಗಲೇ ಚಪ್ಪಲಿ ಬಿಟ್ಟು ದೂರ ಸರಿದಿದ್ದ.

ಬೀದರದಲ್ಲಿದ್ದ ಸೂಪರ್‌ವೈಸರ್ ಬಸವಣ್ಣೆಪ್ಪನಿಗೆ ಫೋನ್ ಮಾಡಿದ. ಬಸವಣ್ಣೆಪ್ಪ ಕೆಟ್ಟವನಲ್ಲ, ಅವನ ಮೇಲೂ ಕೂಗಾಡುವವರಿದ್ದರು. ತೆಗೆದು ಸರಿಮಾಡಿ ಮುಚ್ಚಿದರೆ ಮುಗಿಯಿತು, ರಸ್ತೆ ಬದಿಯಲ್ಲಿ ಹೂಳುವುದೇ ತಪ್ಪು ಎಂದ. ನಿಮ್ಮಿಂದ ಆಗದಿದ್ದರೆ ನಾಳೆ ಬೆಳಿಗ್ಗೆ ಜೆಸಿಬಿ ಕಳಿಸುತ್ತೇನೆ ಎಂದು ಫೋನ್ ಇಟ್ಟ.

ಅಷ್ಟರಲ್ಲಿ ಹೊಲ ದಾಟಿ ಒಬ್ಬ ಹೆಂಗಸು ಬರುತ್ತಿದ್ದಳು. ಓಡುತ್ತಿರಲಿಲ್ಲ, ಆದರೆ ಸೆರಗು ಜಾರಿದರೂ ಸರಿಮಾಡಿಕೊಳ್ಳಲಿಲ್ಲ. ಬಂದವಳೇ ದಿಬ್ಬಕ್ಕೂ ಜೀಪಿಗೂ ನಡುವೆ ನಿಂತಳು. ಮೀರಾಬಾಯಿ. ಮಕ್ಸೂದನಿಗೆ ಗುರುತು ಹತ್ತಿತು. ಹೋದ ಬೇಸಿಗೆಯಲ್ಲಿ ಕೇಬಲ್ಲಿಗೆ ಈ ಕಾಲುವೆ ತೋಡಿ ಪೈಪು ಹಾಕಿದ್ದು ಇವಳಿದ್ದ ಕೂಲಿ ಗ್ಯಾಂಗು, ಔರಾದಿನವರೆಗಿನ ಊರುಗಳ ಹೆಂಗಸರದು. ಕಲ್ಲು ನೆಡುವ ದಿನ ಇದರ ಮೇಲೆ ಏನು ಬರೆದಿದೆ ಎಂದು ಕೇಳಿದ್ದಳು. ಅವನು ಓದಿ ಹೇಳಿದ್ದ. ಊರ ಗೌಡ ಬಂದರೂ ಅಗೆಯುವಂತಿಲ್ಲವೇ ಎಂದು ಮತ್ತೆ ಕೇಳಿದ್ದಳು.

"ನೀವೇ ಹೇಳಿದ್ರಲ್ಲರಿ," ಎಂದಳು ಈಗ. "ಗೌಡ ಏನು, ಸರ್ಕಾರ ಬಂದ್ರೂ ಇಲ್ಲಿ ಅಗಿಯಂಗಿಲ್ಲ ಅಂತ."

ಅವಳು ಹೇಳಿದ್ದನ್ನು ಇಬ್ಬರೂ ತಲೆ ತಗ್ಗಿಸಿ ಕೇಳಿದರು. ಅವಳ ಊರಿನಲ್ಲಿ ಕೂಸುಗಳನ್ನು ಹೂಳುತ್ತಿದ್ದದ್ದು ನಾಲೆಯ ದಂಡೆಯಲ್ಲಿ. ಈ ಸಲ ನಾಲೆ ಅಗಲ ಮಾಡಲು ಜೆಸಿಬಿ ಬಂತು. ಅವಳ ನೆಗೆಣ್ಣಿಯ ಕೂಸು ಮಣ್ಣಿನ ಜೊತೆ ಟ್ರ್ಯಾಕ್ಟರ್ ಹತ್ತಿ ಯಾರದೋ ಹೊಲಕ್ಕೆ ಗೊಬ್ಬರವಾಗಿ ಹೋಯಿತು. ಯಾರ ಹೊಲ ಎಂದು ತಿಳಿಯದೆ ನೆಗೆಣ್ಣಿ ಹೊಲದಿಂದ ಹೊಲಕ್ಕೆ ಹೆಂಟೆ ಒಡೆಯುತ್ತ ತಿರುಗಿದಳು. ಆಮೇಲೆ ಟ್ಯಾಂಕರ್ ನೀರು ಕುಡಿದು ಮೀರಾಬಾಯಿಯ ಮಗಳಿಗೆ ವಾಂತಿಭೇದಿ ಹತ್ತಿತು. ಅದು ಸತ್ತಾಗ, ಎಲ್ಲಿ ಹೂಳುವುದು ಎಂದು ಗಂಡ ದತ್ತಾತ್ರಿ ಕೇಳಿದ. ಅಗೆಯದ ಜಾಗ ಅವಳಿಗೆ ಗೊತ್ತಿದ್ದದ್ದು ಒಂದೇ.

"ತಂತಿ ಹರದಿಲ್ರಿ," ಎಂದಳು. "ಪೈಪಿನ ಜೋಡು ಇಲ್ಲೇ ಅದ ಅಂತ ನನಗ ಗೊತ್ತಿತ್ತು. ಅದನ್ನ ಬಿಡಿಸಿ, ತಂತಿ ಮೆತ್ತಗ ಬದಿಗಿ ಸರಸೀನಿ. ನಾನೇ ಹಾಕಿದ್ದು, ನಾಜೂಕ ಅಂತ ಗೊತ್ತಿಲ್ಲೇನು?"

"ಮಧ್ಯಾಹ್ನ ಇಲ್ಲಿ ಬರ್ತೀಯೇನು, ಅಕ್ಕಾ?" ಮಕ್ಸೂದ ಕೇಳಿದ.

"ಹೊತ್ತು ಇಳಿಯೂತನ ಮಗ್ಗಲಕ ಒರಗಿರ್ತೇನಿ. ನಿಮಗ ಯಾರು ಹೇಳಿದ್ರು?"

ಮಕ್ಸೂದನ ಕಣ್ಣು ಆ ನುಣ್ಣನೆಯ ಧೂಳಿನ ಕಡೆ ಹೋಯಿತು. ಎರಡು ದಿನ ಪರದೆಯ ಮೇಲೆ ಅವನು ನೋಡಿದ್ದು ಇವಳ ಭಾರವನ್ನು.

ಅವಳು ನಾಳೆ ಹೈದರಾಬಾದಿನ ಬಸ್ಸು ಹಿಡಿಯುವವಳಿದ್ದಳು. ದತ್ತಾತ್ರಿ ಮೊದಲೇ ಹೋಗಿ ಅಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ್ದ. "ಕಾಯೋರು ಯಾರೂ ಉಳಿಯಂಗಿಲ್ರಿ. ಈ ಕಲ್ಲೇ ಕಾಯಬೇಕು. ನಮ್ಮ ಗ್ಯಾಂಗಿನ ಹೆಣಮಕ್ಕಳಿಗೆಲ್ಲ ಹೇಳೀನಿ, ಕಲ್ಲಿನ ಬುಡಕ ಇಟ್ರ ಯಾರೂ ಅಗಿಯಂಗಿಲ್ಲ ಅಂತ."

ಈ ಕೊನೆಯ ಮಾತನ್ನು ಮಕ್ಸೂದ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಜೀಪಿನಲ್ಲಿ ಎಷ್ಟು ಕೇಬಲ್ ಉಳಿದಿದೆ ಎಂದು ಲೆಕ್ಕ ಹಾಕುತ್ತಿದ್ದ. ದಿಬ್ಬದ ಆಚೀಚೆ ಎರಡೂ ಕಡೆ ಕೇಬಲ್ ಕತ್ತರಿಸಿ, ಹೊಲದ ಬದುವಿನಿಂದ ಹೊಸ ತುಂಡು ಸುತ್ತುಹಾಕಿ ಜೋಡಿಸಬಹುದು. ನಡುವಿನ ಹಳೆಯ ತುಂಡು ಅಲ್ಲೇ ಇರಲಿ.

ನೆಲ ಹೆಂಚಿನ ಹಾಗಿತ್ತು. ಗೋರಖನಾಥ ಗುದ್ದಲಿ ಹಾಕಿದ. ಮೀರಾಬಾಯಿ ಯಾರೂ ಹೇಳದೆ ಸಲಿಕೆ ಹಿಡಿದು ಮಣ್ಣು ಎಳೆದಳು. ಹೋದ ವರ್ಷ ಕೂಲಿಗೆ ಹೇಗೆ ಎಳೆದಿದ್ದಳೋ ಹಾಗೆಯೇ, ಸಮನಾಗಿ, ಕಾಲುವೆಯ ಅಂಚು ಕೆಡದ ಹಾಗೆ. ಮಕ್ಸೂದ ಕೇಬಲ್ ಕತ್ತರಿಸಿದ. ಔರಾದ್ ಪೂರ್ತಿ ಬಂದಾಯಿತು. ಬಸವಣ್ಣೆಪ್ಪನ ಫೋನ್ ಬಡಿದುಕೊಳ್ಳತೊಡಗಿತು, ಅವನು ಎತ್ತಲಿಲ್ಲ. ಜೀಪಿನ ಹಿಂದೆ ತಾಡಪಾಲಿನ ನೆರಳಿನಲ್ಲಿ ಕೂತು ಒಂದೊಂದೇ ಎಳೆ ಒರೆಸಿ, ಮಷಿನಿನಲ್ಲಿ ತುದಿಗೆ ತುದಿ ಕರಗಿಸಿ ಜೋಡಿಸಿದ. ಕೊನೆಗೆ ಹಳೆಯ ತುಂಡಿನ ಎರಡೂ ಬಾಯಿಗೆ ಟೇಪು ಸುತ್ತಿದ. ಅದರ ಅಗತ್ಯ ಇರಲಿಲ್ಲ.

ಬೆಳಕು ಸೋರುವ ವಿಷಯ ಗೋರಖನಾಥ ಮೀರಾಬಾಯಿಗೆ ಹೇಳಿಬಿಟ್ಟಿದ್ದ. ಅವಳು ಟೇಪಿನ ಕಡೆ ನೋಡಿದಳು.

"ಇನ್ನ ಅಲ್ಲಿ ಕತ್ತಲಿ ಆಗ್ತದೇನ್ರಿ?"

"ಆ ಬೆಳಕು ಕಣ್ಣಿಗಿ ಕಾಣಂಗಿಲ್ಲಕ್ಕಾ. ಮೊದಲೂ ಕತ್ತಲೇ ಇತ್ತು."

ಹೊಸ ಕಾಲುವೆ ಮುಚ್ಚಿದ ಮೇಲೆ ಉಳಿದದ್ದು ಕಲ್ಲು. ಕೇಬಲ್ ಎಲ್ಲಿಗೆ ಹೋಗುತ್ತದೆಯೋ ಕಲ್ಲು ಅಲ್ಲಿಗೆ ಹೋಗಬೇಕು. ಗೋರಖನಾಥ ಹಾರೆ ತೆಗೆದುಕೊಂಡು ಹಳದಿ ಕಲ್ಲಿನ ಕಡೆ ನಡೆದ. ಮೀರಾಬಾಯಿ ಸಲಿಕೆಯನ್ನು ಕೈಯಿಂದ ಬಿಡಲಿಲ್ಲ.

"ಇರಲಿ ಬಿಡು," ಎಂದ ಮಕ್ಸೂದ. "ಹೊಸಾದಕ್ಕ ಕಲ್ಲು ಬ್ಯಾಡ."

"ನಾಳಿ ಜೆಸಿಬಿ ಬಂದು ಹೊಸಾದರ ಮ್ಯಾಲ ಬಾಯಿ ಹಾಕಿದ್ರ?" ಗೋರಖನಾಥ ಕೇಳಿದ.

"ಹಾಕಲಿ. ಮತ್ತ ಜೋಡಸ್ತೇನಿ. ಕೇಬಲ್ ಜೋಡಸಲಕ ಬರ್ತದ."

ಮರುದಿನ ಮಧ್ಯಾಹ್ನ ಭಾಲ್ಕಿಯ ಕೋಣೆಯಲ್ಲಿ ಮತ್ತೆ ಮಷಿನು ಹಚ್ಚಿದ. ಮೀರಾಬಾಯಿಯ ಬಸ್ಸು ಆಗಲೇ ಹೈದರಾಬಾದಿನ ದಾರಿ ಹಿಡಿದಿತ್ತು. 1550ಕ್ಕೆ ಇಟ್ಟ. ಹಳ್ಳ ಇರಲಿಲ್ಲ. ಹೊಸ ಜೋಡಣೆಗಳ ಜಾಗದಲ್ಲಿ ಎರಡು ಸಣ್ಣ ಮೆಟ್ಟಿಲು, ಅಷ್ಟೇ.

ಇಷ್ಟು ದಿನ ಆ ಹಳ್ಳದ ಆಚೆಗಿನ ಗೆರೆ ಬರೀ ಗೀಚಾಟವಾಗಿತ್ತು. ಅಲ್ಲಿಂದ ತಿರುಗಿ ಬರುವ ಬೆಳಕು ಮಷಿನಿಗೆ ಸಾಲುತ್ತಿರಲಿಲ್ಲ. ಈಗ ಔರಾದಿನವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ, ಯಾವ ಜೋಡಣೆಯೂ ಇಲ್ಲದ ಕಡೆ, ಗೆರೆ ಸ್ವಲ್ಪ ತಗ್ಗಿತ್ತು. ಮುಂದೆ ಮತ್ತೊಂದು ತಗ್ಗು. ಔರಾದ್ ಇನ್ನೇನು ಬಂತು ಅನ್ನುವಲ್ಲಿ ಇನ್ನೊಂದು. 1310ಕ್ಕೆ ತಿರುಗಿಸಿದ. ಮೂರೂ ಮಾಯವಾದವು. ಆಗ ಅವನಿಗೆ ಮೀರಾಬಾಯಿಯ ಆ ಕೊನೆಯ ಮಾತು ನೆನಪಾಯಿತು. ಗ್ಯಾಂಗಿನ ಹೆಣಮಕ್ಕಳಿಗೆಲ್ಲ ಹೇಳೀನಿ.

ಬಸವಣ್ಣೆಪ್ಪ ಫೋನ್ ಮಾಡಿದ. ಔರಾದಿನಿಂದ ದೂರು ಬಂದಿಲ್ಲ ಎಂದು ಅವನ ದನಿ ಹಗುರಾಗಿತ್ತು. ಮುಂದೆ ಲೈನು ಪೂರ್ತಿ ಸರಿ ಇದೆಯೇ ಎಂದು ಕೇಳಿದ.

"1310ರಾಗ ಗೆರಿ ನೆಟ್ಟಗ ಅದರಿ ಸರ್."

"ಮತ್ತ 1550?"

"ಲೈನ್ ನಡೀತದರಿ."

ಫೋನ್ ಇಟ್ಟು ಮತ್ತೆ 1550ಕ್ಕೆ ತಿರುಗಿಸಿದ. ಆಫ್ ಮಾಡಿ ಊಟಕ್ಕೆ ಏಳಬಹುದಿತ್ತು. ಹೊರಗೆ ಬಿಸಿಲು ನೆತ್ತಿಯ ಮೇಲೆ ಬಂದಿತ್ತು. ನಡುವಿನ ತಗ್ಗು ಮೆಲ್ಲಗೆ ಆಳವಾಗತೊಡಗಿತು. ಅಲ್ಲಿ ಯಾರೋ ಬಂದು ಒರಗಿದ್ದರು.

ಮಕ್ಸೂದ ಊಟದ ಡಬ್ಬಿ ಬಿಚ್ಚಲಿಲ್ಲ. ಆಕೆ ಏಳುವುದನ್ನೇ ನೋಡುತ್ತ ಕೂತ.